ಖುಷಿಗೆಂದು ಕೊಟ್ಟ ಐನೂರು ರೂಪಾಯಿ



ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಂಗಿಯ ಮಗಳ ಹೆರಿಗೆಗೆಂದು ನಮ್ಮ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕುಳಿತಿದ್ದೆವು. ಅದು ಯಾವ ಆಸ್ಪತ್ರೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಆಸ್ಪತ್ರೆಗಳೆಲ್ಲ ನಿರ್ದೋಷಿಗಳೆಂದು ನೀವು ಭಾವಿಸಿಬಿಡುವ ಅಪಾಯವಿದೆ. ಬೆಳಗಿನ ಜಾವಕ್ಕೆ ಸುಖವಾಗಿ ಹೆರಿಗೆಯಾಯಿತು. ಆಯಾ ಒಬ್ಬಳು ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾರ್ಡಿನ ಬಾಗಿಲಿಗೆ ಬಂದಳು. ನಾವು ಕೈಚಾಚಿದೆವು. ಆಕೆ ಮಗುವನ್ನು ಕೊಡದೆ ಎದೆಗವಚಿಕೊಂಡೇ ನಿಂತು, ನಗುತ್ತಾ, "ಗಂಡು ಮಗು. ಖುಷಿಗೆ ಏನಾದ್ರೂ ಕೊಡಿ ಸಾರ್" ಎಂದಳು. ನಾನು ಮರುಮಾತಾಡದೆ ಜೇಬಿನಿಂದ ಐನೂರರ ನೋಟೊಂದನ್ನು ತೆಗೆದು ಕೊಟ್ಟೆ. ಮಗು ನಮ್ಮ ಕೈಗೆ ಬಂತು. ಅಂಥ ಸಂತೋಷದ ವೇಳೆಯಲ್ಲಿ ಐನೂರು ರೂಪಾಯಿ ಯಾವ ಲೆಕ್ಕ ಎಂದುಕೊಂಡೆ.

ಒಂದು ಗಂಟೆ ಕಳೆದಿರಬಹುದು. ಅದೇ ಆಯಾ ಅದೇ ಬಾಗಿಲಿಗೆ ಇನ್ನೊಂದು ಮಗುವನ್ನು ಎತ್ತಿಕೊಂಡು ಬಂದಳು. ಈ ಸಲ ಕೈಚಾಚಿದವಳು ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದಿದ್ದ ಒಬ್ಬ ಮುದುಕಿ. ಮಗಳೊಂದಿಗೆ ಗದ್ದೆ ಕೂಲಿ ಮಾಡಿ ಬದುಕುವವಳು. ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ತೆಗೆದು ನೀಡಿದಳು. ಆಯಾ ಅದನ್ನು ಮುಟ್ಟಲಿಲ್ಲ. ಕಣ್ಣಿನಲ್ಲೇ ನನ್ನನ್ನು ತೋರಿಸಿ, "ಅವ್ರನ್ನ ಕೇಳಜ್ಜಿ, ಐನೂರು ಕೊಟ್ಟವ್ರೆ" ಎಂದಳು. ಮುದುಕಿ ನನ್ನ ಬಳಿಗೆ ಬಂದು, "ಸ್ವಾಮಿ, ನಾನೂರು ರೂಪಾಯಿ ಇದ್ರೆ ಕೊಡಿ, ಕೊಯ್ಲಾದ ಮ್ಯಾಲೆ ತಂದು ಕೊಟ್ಬುಡ್ತೀನಿ" ಎಂದು ಕೈಮುಗಿದಳು.

ಕೊಟ್ಟೆ. ಹಿಂದಿರುಗಿಸುವುದು ಬೇಡವೆಂದೂ ಹೇಳಿದೆ. ಬಡವಳೊಬ್ಬಳಿಗೆ ನೆರವಾದೆನೆಂಬ ತೃಪ್ತಿಯಿಂದಲೇ ಮನೆಗೆ ಹೊರಟೆ. ಬಸ್ಸಿನಲ್ಲಿ ಕುಳಿತಾಗ ಮಾತ್ರ ಒಂದು ಸತ್ಯ ನನ್ನನ್ನು ಚುಚ್ಚಿತು. ಆ ಮುದುಕಿಯ ನೂರು ರೂಪಾಯಿ ಸಾಲದಂತೆ ಮಾಡಿದವನು ನಾನೇ. ಆ ವಾರ್ಡಿನಲ್ಲಿ ಅಂದಿನ ದರವನ್ನು ನಿಗದಿಪಡಿಸಿದ್ದು ನನ್ನ ಖುಷಿ. ನನಗೆ ಲೆಕ್ಕಕ್ಕಿಲ್ಲದ ಹಣವೇ ಅವಳ ಪಾಲಿಗೆ ಎರಡು ದಿನದ ದುಡಿಮೆ.

ಈ ಲೇಖನದಲ್ಲಿ ನಾನು ವಾದಿಸುವುದು ಇಷ್ಟೇ: ಸರ್ಕಾರಿ ಆಸ್ಪತ್ರೆಯಲ್ಲಿ ರಸೀದಿಯಿಲ್ಲದೆ ನಾವು ಕೊಡುವ ಪ್ರತಿಯೊಂದು ನೋಟೂ ಪಕ್ಕದ ಹಾಸಿಗೆಯ ಬಡವನ ಮೇಲೆ ನಾವೇ ಹೇರುವ ತೆರಿಗೆ. ಪಡೆಯುವವನ ತಪ್ಪು ಎಷ್ಟು ದೊಡ್ಡದೆಂಬುದನ್ನು ಎಲ್ಲರೂ ಬಲ್ಲೆವು. ಕೊಡುವವರಾದ ನಮ್ಮ ತಪ್ಪಿನ ಬಗ್ಗೆ ನಾವು ಮಾತಾಡುವುದಿಲ್ಲ. ಇಂದು ಅದನ್ನು ಮಾತಾಡೋಣ.

ಮೊದಲಿಗೆ ಹೆಸರುಗಳನ್ನು ಗಮನಿಸಿರಿ. ಇದನ್ನು ಲಂಚವೆಂದು ಕರೆಯುವವರು ನಮ್ಮ ಕಡೆ ವಿರಳ. ಖುಷಿ, ಕಾಫಿ ಕಾಸು, ಎಲೆ-ಅಡಿಕೆಗೆ, ಸಿಹಿಗೆ ಎಂದೆಲ್ಲ ಮುದ್ದಾದ ಹೆಸರುಗಳು. ತಹಸೀಲ್ದಾರರ ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಕೊಟ್ಟರೆ ಅದು ಲಂಚ. ಹೆರಿಗೆ ವಾರ್ಡಿನಲ್ಲಿ ಕೊಟ್ಟರೆ ಖುಷಿ! ಪಾಪಕ್ಕೆ ಮುದ್ದಿನ ಹೆಸರಿಟ್ಟರೆ ಅದು ಮನೆಯ ಮಗುವಿನಂತೆ ಒಳಗೆ ಬಂದು ಕುಳಿತುಕೊಳ್ಳುತ್ತದೆ. ಎಲ್ಲ ಆಸ್ಪತ್ರೆಗಳಲ್ಲಿಯೂ ಎಲ್ಲರೂ ಕೇಳುತ್ತಾರೆಂದು ನಾನು ಹೇಳುವುದಿಲ್ಲ. ಒಂದು ಲೋಟ ಕಾಫಿಯನ್ನೂ ಮುಟ್ಟದ ವೈದ್ಯರನ್ನು, ದಾದಿಯರನ್ನು ನಾನು ಬಲ್ಲೆ. ಆದರೆ ಕೇಳುವ ಕಡೆ ಬಡವನು ಎಷ್ಟು ಬಾಗಿಲುಗಳನ್ನು ದಾಟಬೇಕೆಂಬುದನ್ನು ಯೋಚಿಸಿರಿ. ಗಾಲಿಕುರ್ಚಿ ತಳ್ಳಿದವನಿಗೆ, ಗ್ಲೂಕೋಸ್ ಬಾಟಲಿ ಬದಲಾಯಿಸಿದವಳಿಗೆ, ಗಾಯಕ್ಕೆ ಪಟ್ಟಿ ಕಟ್ಟಿದವನಿಗೆ, ಮಗುವನ್ನು ಒರೆಸಿ ಕೊಟ್ಟವಳಿಗೆ, ಬಿಡುಗಡೆಯ ಚೀಟಿ ತಂದವನಿಗೆ; ಕೊನೆಗೆ ಶವಾಗಾರದ ಬಾಗಿಲಲ್ಲಿ ನಿಂತವನಿಗೂ. ಹುಟ್ಟಿನ ಬಾಗಿಲಲ್ಲಿ ಅದು ಖುಷಿಯಾದರೆ ಸಾವಿನ ಬಾಗಿಲಲ್ಲಿ ಅದರ ಹೆಸರೇನು?

ಹೀಗೆ ಕೇಳುವ ಹಣಕ್ಕೆ ಯಾವುದಾದರೂ ಆಧಾರವಿದೆಯೇ? ಇಲ್ಲ. 2005ರ ಏಪ್ರಿಲ್‌ನಲ್ಲಿ ಜನನಿ ಸುರಕ್ಷಾ ಯೋಜನೆ ಆರಂಭವಾಯಿತು. ಬಡತನ ರೇಖೆಗಿಂತ ಕೆಳಗಿನ, ಪರಿಶಿಷ್ಟ ಜಾತಿ-ಪಂಗಡಗಳ ತಾಯಂದಿರು ಮನೆಯಲ್ಲಿ ಹೆರದೆ ಆಸ್ಪತ್ರೆಗೆ ಬರಲೆಂದು ನಮ್ಮ ರಾಜ್ಯದಲ್ಲಿ ಹಳ್ಳಿಯ ತಾಯಿಗೆ 700 ರೂಪಾಯಿ, ಪಟ್ಟಣದ ತಾಯಿಗೆ 600 ರೂಪಾಯಿ ಕೊಡುವ ಏರ್ಪಾಡು ಅದು. 2011ರ ಜೂನ್‌ನಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಅಗತ್ಯಬಿದ್ದರೆ ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ, ಸಹಜ ಹೆರಿಗೆಗೆ ಮೂರು ದಿನ ಹಾಗೂ ಶಸ್ತ್ರಚಿಕಿತ್ಸೆಗೆ ಏಳು ದಿನದ ಊಟ, ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ವಾಹನ, ಇವೆಲ್ಲವೂ ಉಚಿತವೆಂದು ಅದು ಸಾರಿತು. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್‌ಗೂ ದುಡ್ಡು ಕೊಡಬೇಕಾಗಿಲ್ಲ. ಸರ್ಕಾರವು ಒಂದು ಕೈಯಿಂದ ತಾಯಿಗೆ ಏಳುನೂರು ಕೊಟ್ಟಾಗ, ಆ ಸರ್ಕಾರದ ಸಂಬಳ ಪಡೆಯುವ ಇನ್ನೊಂದು ಕೈ ಅದರಲ್ಲಿ ಐನೂರನ್ನು ವಾರ್ಡಿನ ಬಾಗಿಲಲ್ಲೇ ಕಿತ್ತುಕೊಂಡರೆ, ಆ ಯೋಜನೆ ನಿಜವಾಗಿ ಯಾರಿಗೆ ತಲುಪಿತು?

ಇಲ್ಲೊಂದು ಭೇದವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಆಸ್ಪತ್ರೆಯವರು ನ್ಯಾಯವಾಗಿಯೇ ಪಡೆಯುವ ಕೆಲವು ಶುಲ್ಕಗಳುಂಟು: ಹೊರರೋಗಿಯ ಚೀಟಿ, ಕೆಲವು ಪರೀಕ್ಷೆಗಳು ಮುಂತಾದವು. ಆ ಹಣಕ್ಕೆ ರಸೀದಿ ಕೊಡುತ್ತಾರೆ. ಅದು ಲೆಕ್ಕಕ್ಕೆ ಸೇರುತ್ತದೆ. ರಸೀದಿಯಿರುವ ಹತ್ತು ರೂಪಾಯಿ ಆಸ್ಪತ್ರೆಯದು. ರಸೀದಿಯಿಲ್ಲದ ಹತ್ತು ರೂಪಾಯಿ ಯಾರದೋ ಜೇಬಿನದು. ಈ ಸರಳ ಗೆರೆಯನ್ನು ನಮ್ಮ ಮನೆಯ ಮಕ್ಕಳಿಗೂ ಹೇಳಿಕೊಡಬಹುದು.

"ಸರ್ಕಾರಿ ಆಸ್ಪತ್ರೆಯೆಂದರೆ ಬಿಟ್ಟಿ, ಅಲ್ಲಿಗೆ ಹೋಗುವವರಿಗೆ ಖರ್ಚೇನು?" ಎಂದು ಕೇಳುವ ಸಿರಿವಂತರಿಗೆ ನಮ್ಮ ನರಸೀಪುರದ್ದೇ ಒಂದು ಸಂಗತಿಯನ್ನು ಹೇಳಬೇಕು. 2002ರಲ್ಲಿ ಕರುಣಾ ಟ್ರಸ್ಟ್ ಎಂಬ ಸಂಸ್ಥೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯೊಂದಿಗೆ ಸೇರಿ, ತಿ. ನರಸೀಪುರ ಮತ್ತು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕುಗಳಲ್ಲಿ ಬಡವರಿಗಾಗಿ ಆರೋಗ್ಯ ವಿಮೆಯೊಂದನ್ನು ಪ್ರಯೋಗವಾಗಿ ಆರಂಭಿಸಿತು. ತಲೆಗೆ ವರ್ಷಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸಿನ ಕಂತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದ ಪ್ರತಿದಿನಕ್ಕೆ 100 ರೂಪಾಯಿ: 50 ರೂಪಾಯಿ ಕಳೆದುಹೋದ ಕೂಲಿಗೆ, 50 ರೂಪಾಯಿ ಆಸ್ಪತ್ರೆಯಲ್ಲಿ ಸಿಗದ ಔಷಧಿಗೆ. ಯೋಚಿಸಿರಿ: ಉಚಿತವೆಂದು ಬೋರ್ಡು ಹಾಕಿದ ಆಸ್ಪತ್ರೆಗೆ ಹೋಗುವುದಕ್ಕೂ ಬಡವನಿಗೆ ವಿಮೆ ಬೇಕಾಯಿತು. ಅವನು ಹಾಸಿಗೆ ಹಿಡಿದ ದಿನವೇ ಅವನ ಮನೆಯ ಒಲೆಗೆ ಬೆಂಕಿ ಕಡಿಮೆಯಾಗುತ್ತದೆ. ಜೊತೆಗೆ ಬಂದವನ ಕೂಲಿಯೂ ಹೋಗುತ್ತದೆ. ಬಸ್ ಚಾರ್ಜು, ಊಟ, ಹೊರಗಿನ ಮೆಡಿಕಲ್ ಸ್ಟೋರಿನ ಚೀಟಿ ಬೇರೆ. ಇಷ್ಟೆಲ್ಲ ಭಾರ ಹೊತ್ತವನ ಹೆಗಲಿನ ಮೇಲೆ ನಾವು ಖುಷಿಯ ಮೂಟೆಯನ್ನೂ ಇಡುತ್ತಿದ್ದೇವೆ.

ಇದು ನಮ್ಮ ಎರಡು ತಾಲ್ಲೂಕುಗಳದ್ದೇ ರೋಗವೆಂದು ತಿಳಿಯಬೇಡಿರಿ. ಶತಮಾನ ಬದಲಾದ ಆ ದಿನಗಳಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆಯು ಅಲ್ಲಿನ ಪಾಲಿಕೆಯ ಹೆರಿಗೆ ಆಸ್ಪತ್ರೆಗಳ ಬಗ್ಗೆ ಬಡ ತಾಯಂದಿರನ್ನೇ ಕೇಳಿ ವರದಿಯೊಂದನ್ನು ಸಿದ್ಧಪಡಿಸಿತು. ಅವರಲ್ಲಿ ಬಹುಪಾಲು ಮಂದಿ ಲಂಚ ಕೊಟ್ಟಿದ್ದರು. ತಾವು ಹೆತ್ತ ಮಗುವಿನ ಮುಖ ನೋಡುವುದಕ್ಕೂ ಕೊಟ್ಟಿದ್ದರು. ಆ ಬಳಿಕ ಆ ಆಸ್ಪತ್ರೆಗಳಿಗೆ ನಾಗರಿಕ ಸನ್ನದು ಬಂದಿತು. ಆದರೂ 2005ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬೆಂಗಳೂರಿನ ಹೆರಿಗೆ ಆಸ್ಪತ್ರೆಗಳ ಬಗ್ಗೆ ಬರೆದಾಗ, ಅಲ್ಲಿನ ದರಪಟ್ಟಿಯನ್ನು ಇಡೀ ಜಗತ್ತು ಓದಿತು: ಗಂಡು ಮಗುವಾದರೆ 12 ಡಾಲರ್, ಹೆಣ್ಣಾದರೆ 7 ಡಾಲರ್. ಹುಟ್ಟಿ ಒಂದು ಗಂಟೆಯಾಗದ ಹೆಣ್ಣು ಕೂಸಿಗೆ ಈ ಲೋಕವು ತೋರಿಸಿದ ಮೊದಲ ಬೆಲೆ ಅದು. ಗೋಡೆಯ ಮೇಲೆ ತೂಗುಹಾಕಿದ ಸನ್ನದು ತಾನಾಗಿಯೇ ಯಾರ ಕೈಯನ್ನೂ ತಡೆಯುವುದಿಲ್ಲವೆಂಬ ಪಾಠವೂ ಅಲ್ಲಿದೆ.

ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಸೇವೆ ಸಲ್ಲಿಸಿದ, ಕರುಣಾ ಟ್ರಸ್ಟ್‌ನ ಸ್ಥಾಪಕರೂ ಆದ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರವು 1999ರಲ್ಲಿ ಆರೋಗ್ಯ ಕಾರ್ಯಪಡೆಯೊಂದನ್ನು ರಚಿಸಿತ್ತು. 2001ರಲ್ಲಿ ಅದು ಸಲ್ಲಿಸಿದ ವರದಿಯ ಶೀರ್ಷಿಕೆಯಲ್ಲಿಯೇ ಸಮಾನತೆ, ಗುಣಮಟ್ಟಗಳ ಜೊತೆಗೆ ಪ್ರಾಮಾಣಿಕತೆ ಎಂಬ ಮಾತಿತ್ತು; ಭ್ರಷ್ಟಾಚಾರವನ್ನು ಅದು ಆರೋಗ್ಯ ವ್ಯವಸ್ಥೆಯ ಮುಖ್ಯ ಸಮಸ್ಯೆಗಳಲ್ಲಿ ಒಂದೆಂದು ಹೆಸರಿಸಿ ಹೇಳಿತು. ಮುಂದೆ ಅವರೇ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿಯೂ ದುಡಿದರು. ರೋಗವನ್ನು ಬಲ್ಲವರು ಗುರುತಿಸಿ ಎರಡು ದಶಕಗಳು ಕಳೆದಿವೆ. ಔಷಧಿಯನ್ನು ಕುಡಿಯಬೇಕಾದವರು ಇನ್ನೂ ಕುಡಿದಿಲ್ಲ. ಆ ಸಾಲಿನಲ್ಲಿ ನಾವೂ ಇದ್ದೇವೆ.

ಈಗ ನಾವು ಸಾಮಾನ್ಯವಾಗಿ ಕೊಡುವ ನೆಪಗಳನ್ನು ಒಂದೊಂದಾಗಿ ನೋಡೋಣ.

"ಪಾಪ, ಅವರ ಸಂಬಳ ಕಡಿಮೆ." ಈ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವುದು ಅನ್ಯಾಯ. ಆಸ್ಪತ್ರೆಯ ಕಸ ಗುಡಿಸುವವರು, ಆಯಾಗಳು, ವಾರ್ಡಿನ ಸಹಾಯಕರಲ್ಲಿ ಅನೇಕರು ಹೊರಗುತ್ತಿಗೆಯವರು. ತಿಂಗಳುಗಟ್ಟಲೆ ಸಂಬಳವಾಗಿಲ್ಲವೆಂದು ಅವರು ಬೀದಿಗಿಳಿದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಆದರೆ ಅವರ ಸಂಬಳವನ್ನು ತುಂಬಿಕೊಡಬೇಕಾದವರು ಯಾರು? ಸರ್ಕಾರವೇ, ಗುತ್ತಿಗೆದಾರನೇ ಅಥವಾ ಗದ್ದೆ ನಾಟಿ ಮಾಡುವ ಬಾಣಂತಿಯೇ? ನಾವು ಖುಷಿ ಕೊಡುವಷ್ಟು ಕಾಲವೂ ಗುತ್ತಿಗೆದಾರನಿಗೆ ನೆಮ್ಮದಿ. ಅವರ ಮೇಲೆ ನಿಜವಾದ ಕನಿಕರವಿದ್ದರೆ ಅವರ ಸಂಬಳದ ಹೋರಾಟದಲ್ಲಿ ಅವರ ಜೊತೆ ನಿಲ್ಲೋಣ, ಅವರ ಪರವಾಗಿ ಒಂದು ಮನವಿಗೆ ಸಹಿ ಹಾಕೋಣ. ಐನೂರರ ನೋಟಿಗಿಂತ ಅದು ಕಷ್ಟದ ದಾನ. ಆದ್ದರಿಂದಲೇ ನಾವು ಅದನ್ನು ಮಾಡುವುದಿಲ್ಲ.

"ಕೊಡದಿದ್ದರೆ ನಮ್ಮವರನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ." ಇದು ಭಯದ ಮಾತು. ನೋವಿನಲ್ಲಿ ನರಳುವ ಮಗಳನ್ನು ಒಳಗೆ ಬಿಟ್ಟು ಹೊರಗೆ ನಿಂತ ತಾಯಿಗೆ ಧೈರ್ಯದ ಉಪದೇಶ ಮಾಡುವಷ್ಟು ಕಲ್ಲೆದೆ ನನಗಿಲ್ಲ. ಆ ಗಳಿಗೆಯಲ್ಲಿ ಒಬ್ಬಂಟಿಯಾಗಿ ಯಾರೂ ಗೆಲ್ಲಲಾರರು. ಹಾಗೆಂದೇ ಆ ಗಳಿಗೆ ಬರುವುದಕ್ಕೆ ಮೊದಲೇ, ಒಬ್ಬಂಟಿಯಾಗಿರದಂತೆ, ನಾವು ಸಿದ್ಧರಾಗಬೇಕು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

"ಅವರು ಕೇಳಲಿಲ್ಲ, ನಾವಾಗಿಯೇ ಕೃತಜ್ಞತೆಯಿಂದ ಕೊಟ್ಟೆವು." ಇದು ಎಲ್ಲಕ್ಕಿಂತ ಮರ್ಯಾದಸ್ಥವಾದ ನೆಪ. ಇದಕ್ಕೆ ಉತ್ತರ ನಮ್ಮ ಬೈಬಲ್ಲಿನಲ್ಲಿಯೇ ಇದೆ. ಅರಸುಗಳ ಎರಡನೆಯ ಗ್ರಂಥದಲ್ಲಿ ಸಿರಿಯದ ಸೇನಾಪತಿ ನಾಮಾನನ ಕುಷ್ಠವು ವಾಸಿಯಾದ ಕಥೆ ನಿಮಗೆಲ್ಲ ಗೊತ್ತು. ಗುಣ ಹೊಂದಿದ ನಾಮಾನನು ಪ್ರವಾದಿ ಎಲೀಷನಿಗೆ ಕಾಣಿಕೆ ಕೊಡಲು ಬಂದನು. ಒತ್ತಾಯವಿರಲಿಲ್ಲ, ಹೃದಯ ತುಂಬಿದ ಕೃತಜ್ಞತೆ ಅದು. ಎಲೀಷನು ಎಷ್ಟು ಬೇಡಿಕೊಂಡರೂ ಅದನ್ನು ಮುಟ್ಟಲಿಲ್ಲ. ಅವನ ಸೇವಕ ಗೇಹಜಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ರಥದ ಹಿಂದೆ ಓಡಿಹೋಗಿ, ಒಡೆಯನೇ ಕಳುಹಿಸಿದನೆಂದು ಸುಳ್ಳು ಹೇಳಿ, ಬೆಳ್ಳಿಯನ್ನೂ ಬಟ್ಟೆಯನ್ನೂ ಕೇಳಿದನು. ನಾಮಾನನು ಸಂತೋಷದಿಂದ ಕೇಳಿದ್ದಕ್ಕಿಂತ ಹೆಚ್ಚು ಬೆಳ್ಳಿಯನ್ನೇ ಕೊಟ್ಟನು. ಕೊಟ್ಟವನಿಗೆ ಖುಷಿ, ಪಡೆದವನಿಗೆ ಖುಷಿ, ತಪ್ಪೆಲ್ಲಿ? ಉಚಿತವಾಗಿ ಬಂದ ಸ್ವಸ್ಥತೆಗೆ ಗೇಹಜಿ ಬೆಲೆ ಕಟ್ಟಿಬಿಟ್ಟಿದ್ದನು. ನಾಮಾನನಿಗೆ ಬೆಳ್ಳಿಯಿತ್ತು, ಅವನ ಹಿಂದೆ ಬರಬಹುದಾಗಿದ್ದ ಬಡ ಕುಷ್ಠರೋಗಿಗೆ ಏನಿತ್ತು? ಅದೇ ಕುಷ್ಠವು ಗೇಹಜಿಗೆ ತಗುಲಿತೆಂದು ಗ್ರಂಥ ಹೇಳುತ್ತದೆ. ಕೃತಜ್ಞತೆಯನ್ನು ತೋರಿಸಲು ದಾರಿಗಳು ಬೇಕಾದಷ್ಟಿವೆ. ಚೆನ್ನಾಗಿ ನೋಡಿಕೊಂಡ ದಾದಿಯ ಹೆಸರನ್ನು ಹೇಳಿ ಮೇಲಧಿಕಾರಿಗೆ ಒಂದು ಕಾಗದ ಬರೆದರೆ ಅವಳಿಗದು ಹೆಚ್ಚಿನ ಗೌರವ.

"ಖಾಸಗಿ ಆಸ್ಪತ್ರೆಗಿಂತ ಇದೇ ಅಗ್ಗವಲ್ಲವೇ?" ಎಂಬುದು ಇನ್ನೊಂದು ಲೆಕ್ಕಾಚಾರ. ಹೌದು, ಮೈಸೂರಿನ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಬಲ್ಲ ನಿಮಗೂ ನನಗೂ ಅದು ಅಗ್ಗವೇ. ಆ ಮುದುಕಿಗೆ ಇನ್ನೊಂದು ದಾರಿಯೇ ಇಲ್ಲ. ಮನಸ್ಸು ಬಂದಾಗ ಬಂದು ಹೋಗುವವರು ನಾವು. ಬೇರೆಲ್ಲಿಗೂ ಹೋಗಲಾರದವರ ಮನೆಯಲ್ಲಿ ಬಾಡಿಗೆ ಹೆಚ್ಚಿಸಿ ಬರುವ ಹಕ್ಕು ನಮಗೆ ಯಾರು ಕೊಟ್ಟರು?

ನಮ್ಮ ಸಮುದಾಯಕ್ಕೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆಯೆಂದು ನಾನು ನಂಬುತ್ತೇನೆ. 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಕಟ್ಟಿದ ಕನ್ಯಾಸ್ತ್ರೀಯರು, 1906ರಲ್ಲಿ ಮೈಸೂರಿನಲ್ಲಿ ಜನರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದ ಮೆಥೊಡಿಸ್ಟ್ ಸೇವಕರು, ರೋಗಿಯ ಸೇವೆಯನ್ನು ವ್ಯಾಪಾರವೆಂದು ತಿಳಿದವರಲ್ಲ. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ದಾದಿಯರು. ಮನೆಮಕ್ಕಳು ಪ್ರಯೋಗಾಲಯಗಳಲ್ಲಿ, ಔಷಧಿ ವಿಭಾಗದಲ್ಲಿ ಕೆಲಸಗಾರರು. ಅವರಲ್ಲಿ ಒಂದು ಮಾತು: ನೀವು ಸ್ವತಃ ಕೈಚಾಚದಿರುವುದು ದೊಡ್ಡದು, ಆದರೆ ಅಷ್ಟೇ ಸಾಲದು. ನಿಮ್ಮ ಕಣ್ಣೆದುರಿಗೆ ಮಗುವನ್ನು ಒತ್ತೆಯಿಟ್ಟು ಹಣ ಕೇಳುವಾಗ ನೀವು ಬೇರೆ ಕಡೆ ನೋಡಿದರೆ, ಮುದುಕಿಯ ಸೆರಗಿನ ಗಂಟು ಬಿಚ್ಚಿದ ಬೆರಳುಗಳಲ್ಲಿ ನಿಮ್ಮದೂ ಒಂದು.

ಹಾಗಾದರೆ ಏನು ಮಾಡಬೇಕು? ಕಾನೂನನ್ನು ತಿಳಿದುಕೊಳ್ಳುವುದು ಮೊದಲ ಹೆಜ್ಜೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿದೆ. ಅದರ ಪ್ರಕಾರ ಲಂಚ ಕೊಡುವುದೂ ಅಪರಾಧ. ಏಳು ವರ್ಷದವರೆಗೆ ಶಿಕ್ಷೆಯುಂಟು. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನು ಅಪರಾಧಿಯಲ್ಲ. ಅಂದರೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ಭಯದಿಂದ ಕೊಟ್ಟ ತಾಯಿಗೆ ಕಾನೂನು ಏಳು ದಿನಗಳ ಧೈರ್ಯವನ್ನು ಸಾಲ ಕೊಟ್ಟಿದೆ. ಬಾಣಂತಿಯೂ ಮಗುವೂ ಮನೆ ಸೇರಿದ ಮೇಲೆ, ಭಯ ಇಳಿದ ಮೇಲೆ, ದೂರು ಕೊಡಲು ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಇಂಥ ದೂರುಗಳನ್ನು 2016ರಿಂದ ನೋಡಿಕೊಳ್ಳುತ್ತಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿ, ಆ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿದೆ. ಲೋಕಾಯುಕ್ತ ಪೊಲೀಸರು ಮೈಸೂರಿನಲ್ಲಿಯೇ ಇದ್ದಾರೆ. ನಂಜನಗೂಡಿನಿಂದಾಗಲಿ ನರಸೀಪುರದಿಂದಾಗಲಿ ಒಂದು ಬಸ್ಸಿನ ದಾರಿ.

ಎರಡನೆಯದು, ಜೊತೆಯಾಗಿ ನಿಲ್ಲುವುದು. ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗೆ ನೂರು ಜನ, ಮಣ್ಣಿಗೆ ಇನ್ನೂರು ಜನ ಸೇರುತ್ತೇವೆ. ಹೆರಿಗೆಗೆ ಹೋದ ಬಡ ಕುಟುಂಬದ ಜೊತೆ ಇಬ್ಬರು ಹೋಗಲಾರೆವೇ? ಓದುಬರಹ ಬಲ್ಲ, ನಯವಾಗಿಯೂ ಗಟ್ಟಿಯಾಗಿಯೂ ಮಾತಾಡಬಲ್ಲ ಇಬ್ಬರು ಬಾಗಿಲಲ್ಲಿ ನಿಂತಿದ್ದರೆ ಕೇಳುವ ಕೈ ತಾನಾಗಿ ಹಿಂಜರಿಯುತ್ತದೆ. ವಿನ್ಸೆಂಟ್ ದೆ ಪೌಲ್ ಸಭೆಯವರು, ಮಹಿಳಾ ಸಂಘದವರು, ಯುವಕರು ಇದನ್ನು ಒಂದು ಸೇವೆಯಾಗಿ ಕೈಗೊಳ್ಳಲಿ. ಕ್ರೈಸ್ತರ ಜೊತೆಗೆ ಮಾತ್ರವಲ್ಲ, ಬೀದಿಯ ಯಾವ ಬಡವರು ಕರೆದರೂ ಹೋಗಲಿ. ಯಾವುದು ಉಚಿತ, ಯಾವುದಕ್ಕೆ ರಸೀದಿ ಪಡೆಯಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಗರ್ಭಿಣಿಯರ ಕೈಗೆ ಮೊದಲೇ ಕೊಡಲಿ. ಬರೆಯಲಾರದವರ ದೂರನ್ನು ಬರೆದುಕೊಡಲಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಜನಪ್ರತಿನಿಧಿಗಳಿದ್ದಾರೆ. ಚುನಾವಣೆಯ ಕಾಲದಲ್ಲಿ ನಮ್ಮ ಬಾಗಿಲಿಗೆ ಬರುವ ಅವರನ್ನು ಈ ಪ್ರಶ್ನೆಯನ್ನೇ ಕೇಳೋಣ.

ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ. ಕೊಡಬಲ್ಲ ನಾವು ಕೊಡುವುದನ್ನು ನಿಲ್ಲಿಸಬೇಕು. ಬಡವನು "ಕೊಡಲಾರೆ" ಎಂದರೆ ಅದು ಅವನ ಗತಿಗೇಡು ಎನಿಸಿಕೊಳ್ಳುತ್ತದೆ, ಅವನನ್ನು ಗದರಿಸಬಹುದು. ಜೇಬಿನಲ್ಲಿ ಹಣವಿರುವವನು "ಕೊಡುವುದಿಲ್ಲ" ಎಂದರೆ ಮಾತ್ರ ದರ ಕುಸಿಯುತ್ತದೆ. ಆದ್ದರಿಂದ ಈ ನಿಲುವನ್ನು ಮೊದಲು ತೆಗೆದುಕೊಳ್ಳಬೇಕಾದವರು ನಾವೇ.

ಆ ಮುದುಕಿಯನ್ನು ನಾನು ಮತ್ತೆ ನೋಡಲಿಲ್ಲ. ಅವಳ ಮೊಮ್ಮಗುವಿಗೆ ಈಗ ಶಾಲೆಗೆ ಹೋಗುವ ವಯಸ್ಸಾಗಿರಬೇಕು. ನಾನು ಅವಳಿಗೆ ನಾನೂರು ರೂಪಾಯಿ ಕೊಟ್ಟು ಸಮಾಧಾನಪಟ್ಟುಕೊಂಡೆನೆಂದು ಹೇಳಿದೆನಷ್ಟೆ. ನಿಜವಾಗಿ ಅವಳಿಗೆ ನಾನು ಕೊಡಬೇಕಾಗಿದ್ದುದು ಹಣವಾಗಿರಲಿಲ್ಲ. ಅವಳಿಗಿಂತ ಒಂದು ಗಂಟೆ ಮೊದಲು, ಅದೇ ಬಾಗಿಲಲ್ಲಿ, ನಾನು ನಗುತ್ತಲೇ ಎರಡು ಮಾತು ಹೇಳಬಹುದಾಗಿತ್ತು: "ರಸೀದಿ ಕೊಡಿಯಮ್ಮ." ಮುಂದಿನ ಸಲ ನೀವು ಆ ಬಾಗಿಲಲ್ಲಿ ನಿಂತಾಗ, ನಿಮ್ಮ ಹಿಂದೆ ಸೆರಗಿನ ಗಂಟು ಹಿಡಿದು ಒಬ್ಬಳು ನಿಂತಿದ್ದಾಳೆಂಬುದನ್ನು ದಯವಿಟ್ಟು ಮರೆಯಬೇಡಿರಿ.